ಒಗ್ಗರಣೆ ಇಲ್ಲದ ಸಾರು

ಅದು 2009ರ ಮೇ ತಿಂಗಳ ಒಂದು ಭಾನುವಾರ. ಹಿಂದಿನ ದಿನವಷ್ಟೇ ಲೋಕಸಭಾ ಚುನಾವಣೆಯ ಫಲಿತಾಂಶ ಬಂದಿತ್ತು. ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ನಮ್ಮ ಓಣಿಯಲ್ಲಿ ಗೆದ್ದವರ ಕಡೆಯವರು ಹಾರಿಸಿದ ಪಟಾಕಿಯ ಕಾಗದ ಚರಂಡಿಯ ತುಂಬ ಬಿದ್ದಿತ್ತು. ಖಾನಾವಳಿಯ ಒಳಗೆ ನಾನು ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ಖಾನಾವಳಿಯ ಮಾಲೀಕರು, ನಾನು ಅಣ್ಣಾರು ಎನ್ನುತ್ತಿದ್ದವರು, ಪಕ್ಕದ ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಿಸುತ್ತಿದ್ದರು.

ಒಗ್ಗರಣೆ ಹಾಕುವಾಗ ಅವರದೊಂದು ಪದ್ಧತಿ ಇತ್ತು. ಬ್ಯಾಡಗಿ ಮೆಣಸಿನಕಾಯಿಯನ್ನು ಎಣ್ಣೆಗೆ ಹಾಕುವ ಮುಂಚೆ ಟವೆಲನ್ನು ಮೂಗಿಗೆ ಕಟ್ಟಿಕೊಂಡು, ಹೊರಗೆ ಬೆಂಚಿನ ಮೇಲೆ ಕೂತವರಿಗೆ ಕೇಳುವ ಹಾಗೆ ಕೂಗುತ್ತಿದ್ದರು: “ಕೆಮ್ಮೋರು ಕೆಮ್ಕೊಳ್ರಿ, ಒಗ್ಗರಣಿ ಹಾಕಾಕತ್ತೇನಿ.” ಚುರ್ ಎಂದು ಸದ್ದಾಗುತ್ತಿತ್ತು. ಓಣಿಯ ತುದಿಯ ತನಕ ಘಾಟು ಹೋಗುತ್ತಿತ್ತು. ಎದುರಿಗಿನ ಕಟಿಂಗ್ ಅಂಗಡಿಯವನು ಅರ್ಧ ಗಡ್ಡ ಮಾಡಿದ ಗಿರಾಕಿಗೆ “ತಡೀರಿ, ಸೀನು ಬರತೈತಿ” ಎಂದು ಕತ್ತಿ ಎತ್ತಿ ಹಿಡಿಯುತ್ತಿದ್ದ. ಊಟ ಸಿದ್ಧ ಎಂಬುದಕ್ಕೆ ಬೇರೆ ಬೋರ್ಡು ಬೇಕಿರಲಿಲ್ಲ.

ಆ ಭಾನುವಾರವೂ ಹಾಗೆಯೇ ಆಯಿತು. ಹೊಸಬನೊಬ್ಬ ಬಂದು ಮಟನ್ ಕೇಳಿದ. “ಮಿಲ್ಟ್ರಿ ಹೋಟೆಲ್ ಅಂದ್ರಲ್ರಿ?” ಎಂದ. “ಮಿಲ್ಟ್ರಿ ಹೋಟೆಲ್ ಅಲ್ಲಪಾ, ಮಿಲ್ಟ್ರಿಯಿಂದ ಬಂದಾಂವನ ಹೋಟೆಲ್. ಬದನಿಕಾಯಿ ಐತಿ, ಕುಂದರು” ಎಂದರು. ಗಲ್ಲಾದ ಮೇಲೆ ಕೂತಿದ್ದ ಅವರ ಹೆಂಡತಿ ನಕ್ಕರು. ಆ ದಿನದ ಬಗ್ಗೆ ಹೇಳಲು ಇಷ್ಟೇ ಇದೆ.

ಅವರು ಸೈನ್ಯದಲ್ಲಿ ಅಡುಗೆಯವರಾಗಿದ್ದರು. ಊರವರು ತಮಾಷೆಗೆ ಸುಬೇದಾರ್ರು ಎಂದು ಕರೆಯುತ್ತಿದ್ದರು. ಆ ಹುದ್ದೆಯ ಹತ್ತಿರಕ್ಕೂ ಅವರು ಹೋದವರಲ್ಲ. ಯಾರಾದರೂ ಹುಡುಗರು, “ಸುಬೇದಾರ್ರ, ಲಡಾಯಿದಾಗ ಎಷ್ಟ ಮಂದೀನ ಬಡದ್ರಿ?” ಎಂದು ಕೇಳಿದರೆ, “ನಾ ಬಡದದ್ದು ಬರೇ ರೊಟ್ಟಿ. ಲೆಕ್ಕಾ ಇಟ್ಟಿಲ್ಲ” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಯುದ್ಧದ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಮೊಣಕೈ ಹರಿದ ಹಸಿರು ಸ್ವೆಟರ್ ಹಾಕುತ್ತಿದ್ದರು. ಸೈನ್ಯದಿಂದ ಅವರ ಮೈಮೇಲೆ ಉಳಿದದ್ದು ಅದೊಂದೇ.

ಅವರು ಕದರಮಂಡಲಗಿಯವರು. ನನ್ನ ಗಂಡನ ಊರು ಕರ್ಜಗಿ. ಇಬ್ಬರೂ ಒಂದೇ ದಿನ ಸೈನ್ಯಕ್ಕೆ ಭರ್ತಿಯಾದವರು, ಒಂದೇ ತುಕಡಿಯಲ್ಲಿ ಇದ್ದವರು. ಶಾಂತಿ ಕಾಯಲೆಂದು ನಮ್ಮ ಸೈನ್ಯವನ್ನು ಲಂಕೆಗೆ ಕಳಿಸಿದಾಗ ಇಬ್ಬರೂ ಹೋದರು. ನನ್ನ ಗಂಡ ತಿರುಗಿ ಬರಲಿಲ್ಲ. ಆಗ ನನ್ನ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅಲ್ಲಿಯೇ ಸುಟ್ಟು, ಸಣ್ಣ ಮಡಕೆಯಲ್ಲಿ ಬೂದಿ ಕಳಿಸಿದರು. ನಮ್ಮಲ್ಲಿ ಹೂಳುವುದು ಪದ್ಧತಿ. ಆ ಬೂದಿಯನ್ನು ವರದಾ ನದಿಗೆ ಬಿಡಬೇಕೋ ಹೊಲದಲ್ಲಿ ಹೂಳಬೇಕೋ ಎಂದು ಊರ ಹಿರಿಯರಿಗೇ ತಿಳಿಯಲಿಲ್ಲ. ಕಡೆಗೆ ನನ್ನ ಮಾವ ಮಡಕೆಯ ಸಮೇತ ಹೊಲದ ಬದುವಿನಲ್ಲಿ ಹೂಳಿದರು.

ಮುಂದಿನ ವರ್ಷ ಅಣ್ಣಾರು ರಜೆಯ ಮೇಲೆ ಬಂದಾಗ ಕರ್ಜಗಿಗೆ ಬಂದರು. ಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರು. ನನ್ನ ಅತ್ತೆ ಅತ್ತರು, ಮಾವ ಏನೇನೋ ಕೇಳಿದರು. ಅವರು ಯಾವುದಕ್ಕೂ ಸರಿಯಾಗಿ ಉತ್ತರ ಕೊಡಲಿಲ್ಲ. ಎದ್ದು ಹೊರಟಾಗ ಬಾಗಿಲ ಹಿಂದೆ ನಿಂತಿದ್ದ ನನಗೆ ಒಂದು ಮಾತು ಹೇಳಿದರು.

“ಅವತ್ತ ಉಂಡು ಹೋಗಿದ್ದ ತಂಗೆವ್ವಾ. ಹಸದು ಹೋಗಿಲ್ಲ.”

ಬೇರೆ ಯಾರು ಹೇಳಿದ ಸಮಾಧಾನವೂ ನನಗೆ ನೆನಪಿಲ್ಲ. ಈ ಮಾತು ಮಾತ್ರ ಉಳಿಯಿತು.

ನಿವೃತ್ತರಾಗಿ ರಾಣೆಬೆನ್ನೂರಿನಲ್ಲಿ ಖಾನಾವಳಿ ತೆಗೆದಾಗ ಹೆಂಡತಿಯನ್ನು ಕರೆದುಕೊಂಡೇ ನಮ್ಮ ಮನೆಗೆ ಬಂದು, ನನ್ನನ್ನು ಕೆಲಸಕ್ಕೆ ಕಳಿಸಿರೆಂದು ಮಾವನನ್ನು ಕೇಳಿದರು. ಓಣಿಯಲ್ಲಿ ಮಾತಾಡುವವರು ಮಾತಾಡಿದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಒಂದು ದಿನ ನೀರಿನ ನಳದ ಹತ್ತಿರ ಎಲ್ಲರ ಎದುರಿಗೆ, “ನನ್ನ ಗಂಡನ ಮ್ಯಾಲೆ ನನಗ ಇಲ್ಲದ ಸಂಶೆ ನಿಮಗ್ಯಾಕ್ರವ್ವಾ? ಪುರಸೊತ್ತು ಇದ್ರ ಬರ್ರಿ, ಪಾತ್ರಿ ತಿಕ್ಕೂದು ಐತಿ” ಎಂದರು. ಅಲ್ಲಿಗೆ ಅದು ಮುಗಿಯಿತು.

ಸೋಮವಾರ ಮಧ್ಯಾಹ್ನ, ಊಟದ ಹೊತ್ತಿಗೆ ಸುದ್ದಿ ಬಂತು. ಲಂಕೆಯಲ್ಲಿ ಯುದ್ಧ ಮುಗಿಯಿತು, ತಮಿಳು ಹುಲಿಗಳು ಸೋತರು ಎಂದು ಖಾನಾವಳಿಯ ಮೂಲೆಯ ಸಣ್ಣ ಟೀವಿಯಲ್ಲಿ ಹೇಳಿದರು. ಚುನಾವಣೆಯಲ್ಲಿ ಉಳಿದಿದ್ದ ಪಟಾಕಿಯನ್ನು ಓಣಿಯ ಹುಡುಗರು ತಂದು ಹಚ್ಚಿದರು. ಬೆಂಚಿನ ಮೇಲೆ ಕೂತವರದು ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಮಾಜಿ ಪ್ರಧಾನಿಯನ್ನು ಕೊಂದವರಿಗೆ ತಕ್ಕ ಶಾಸ್ತಿ ಆಯಿತು ಎಂದು ಒಬ್ಬರು. ಕಾವೇರಿ ನೀರು ಕೇಳುವವರಿಗೆ ಬುದ್ಧಿ ಬಂತು ಎಂದು ಇನ್ನೊಬ್ಬ. “ಕಾವೇರಿಗೂ ಲಂಕಾಕ್ಕೂ ಏನ್ ಸಂಬಂಧೋ?” ಎಂದರೆ, “ಎಲ್ಲಾ ಒಂದ ಬಿಡ್ರಿ” ಎಂದ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಊಟ ಬಿಟ್ಟು ಫೋನಿನಲ್ಲಿ, ಇನ್ನು ಹಡಗು ಸುಸೂತ್ರ ಓಡಾಡುತ್ತವೆ, ಮಾಲು ಹಿಡಿದಿಡು ಎಂದು ಯಾರಿಗೋ ಹೇಳುತ್ತಿದ್ದರು. ದಿನಾ ಊಟಕ್ಕೆ ಬರುತ್ತಿದ್ದ ಹೈಸ್ಕೂಲಿನ ಮಾಸ್ತರರು ಮಾತ್ರ, “ಅಲ್ಲೆ ಸಣ್ಣ ಹುಡುಗ್ರು ಎಷ್ಟ ಹೋದ್ವೋ ಏನೋ” ಎಂದು ತಮ್ಮಷ್ಟಕ್ಕೆ ಅಂದರು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಓಣಿಯ ಯುವಕ ಮಂಡಳಿಯ ಅಧ್ಯಕ್ಷ ಪೇಢೆಯ ಡಬ್ಬಿ ಹಿಡಿದು ಒಳಗೆ ಬಂದ. ಗೊಬ್ಬರದ ಅಂಗಡಿ ಇದ್ದ ಯುವಕ. ಕೆಟ್ಟವನಲ್ಲ, ಅವಸರದವನು. ನೇರ ಒಲೆಯ ಹತ್ತಿರ ಬಂದು, “ತಗೋರಿ ಅಕ್ಕಾರ. ನಿಮ್ಮ ಯಜಮಾನ್ರ ಸೇಡು ತೀರಿತು” ಎಂದ. ನಾನು ತೆಗೆದುಕೊಂಡೆ. ತಿಂದೆ. ಎದೆ ಹಗುರಾಯಿತು. ಆಗ ಅನಿಸಿದ್ದನ್ನು ಅನಿಸಿದ ಹಾಗೆಯೇ ಬರೆಯುತ್ತಿದ್ದೇನೆ.

ಅಣ್ಣಾರು ಸೌಟು ಹಿಡಿದುಕೊಂಡು ಟೀವಿ ನೋಡುತ್ತಿದ್ದರು. ಕೆಸರಿನಲ್ಲಿ ಗಂಟುಮೂಟೆ ಹೊತ್ತ ಹೆಂಗಸರು ಸಾಲಾಗಿ ಬರುತ್ತಿದ್ದರು. ಆ ಚಿತ್ರ ಹೋಗಿ ಸಾಬೂನಿನ ಜಾಹೀರಾತು ಬರುವ ತನಕ ನೋಡಿದರು. ಆಮೇಲೆ ಒಳಗೆ ಬಂದು, ಕಾದ ಎಣ್ಣೆಯ ಬಾಣಲೆಯನ್ನು ಒಲೆಯಿಂದ ಇಳಿಸಿ ಬದಿಗಿಟ್ಟರು. ಮೆಣಸಿನಕಾಯಿ, ಸಾಸಿವೆ ಹಾಗೆಯೇ ತಟ್ಟೆಯಲ್ಲಿ ಉಳಿದವು. ಸಾರನ್ನು ಹಾಗೆಯೇ ಬಡಿಸಲು ಒಯ್ದರು.

“ಸುಬೇದಾರ್ರ, ಒಗ್ಗರಣಿ ಮರ್ತೀರೇನು?” ಎಂದು ಯಾರೋ ಕೇಳಿದರು.

“ಮರ್ತಿಲ್ಲ. ಸೂತಕ ಐತಿ.”

ನಮ್ಮ ಕಡೆ ಸಾವಾದ ಮನೆಯಲ್ಲಿ ಸೂತಕದ ದಿನಗಳು ಮುಗಿಯುವ ತನಕ ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಎಲ್ಲರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಅಯ್ಯ, ಯಾರು ಹೋದ್ರಿ?” ಎಂದರು ಮಾಸ್ತರರು.

“ಭಾಳ ಮಂದಿ.” ಸೌಟಿನಿಂದ ಟೀವಿ ತೋರಿಸಿದರು.

ಅಧ್ಯಕ್ಷನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅಣ್ಣಾರ, ವೈರಿ ಸತ್ತರ ಸೂತಕ ಹಿಡೀತಾರೇನು?”

“ವೈರಿ ಯಾರು ಅಂತ ಅಲ್ಲೇ ಇದ್ದು ನನಗ ತಿಳೀಲಿಲ್ಲ. ನಿನಗ ಟೀವ್ಯಾಗ ತಿಳೀತೇನು?”

“ನಿಮ್ಮ ಗೆಳ್ಯಾನ ಹೆಂಡ್ತಿ ಇಲ್ಲೇ ಒಲಿ ಮುಂದ ಕುಂತಾರ. ಅವರ ಮುಖಾ ನೋಡಿ ಈ ಮಾತು ಹೇಳ್ರಿ.”

ಅವರು ನನ್ನ ಮುಖ ನೋಡಿಯೇ ಹೇಳಿದರು. “ಅಕಿ ಗಂಡನ ಸೂತಕಾನೂ ಇದರಾಗ ಐತಿ.”

“ಹಿಂಗ ಮಾಡಿದ್ರ ಊರಾಗಿನ ಮಂದಿ ಉಣ್ಣಾಕ ಬರಂಗಿಲ್ಲ ನೋಡ್ರಿ.”

“ಬರದವರಿಗೆ ನಾ ನೀಡಂಗಿಲ್ಲ ಬಿಡು. ಈಗ ಬಂದೀದಿ, ಕುಂದರು.”

ಅವನು ಕೂರಲಿಲ್ಲ. ಅವನ ಜೊತೆಯವರೂ ಎದ್ದು ಹೋದರು.

ಆ ಹೊತ್ತಿಗೆ ಕಿಟಕಿಯ ಬೆಂಚಿನ ಮೇಲೆ ತಮಿಳುನಾಡಿನ ಬೋರ್‌ವೆಲ್ ಲಾರಿಯವರು ಕೂತಿದ್ದರು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬೋರ್ ಕೊರೆಯಲು ಬರುವವರು, ತಿಂಗಳುಗಟ್ಟಲೆ ಇಲ್ಲೇ ಉಣ್ಣುವವರು. ಬೇರೆ ದಿನ ಗದ್ದಲ ಮಾಡುತ್ತಿದ್ದರು. ಅಂದು ತಲೆ ಎತ್ತಿರಲಿಲ್ಲ. ಅವರ ಮೇಸ್ತ್ರಿ ಈ ಮಾತನ್ನೆಲ್ಲ ಕೇಳಿಸಿಕೊಂಡು, ತನ್ನ ಹರುಕು ಕನ್ನಡದಲ್ಲಿ, “ನೀವು ಅಲ್ಲಿ ಇದ್ದದಾ? ಆರ್ಮಿ?” ಎಂದ.

“ಅಡಗಿ ಮಾಡ್ತಿದ್ದೆ. ಆದ್ರ ಆರ್ಮಿನೇ.”

ಮೇಸ್ತ್ರಿ ತಟ್ಟೆ ದೂಡಿ ಎದ್ದ. “ನಿಮ್ಮ ಕೈ ಸೋರು ಬೇಡ” ಎಂದ. ಸೋರು ಎಂದರೆ ಅವರಲ್ಲಿ ಅನ್ನ.

ಅಣ್ಣಾರು ಅವನ ದಾರಿಗೆ ಅಡ್ಡ ಬರಲಿಲ್ಲ. “ಸಿಟ್ಟು ಮಾಡ್ರಿ. ನಿಮ್ಮ ಸಿಟ್ಟು ಖರೇ ಐತಿ. ಆದ್ರ ಉಂಡು ಸಿಟ್ಟು ಮಾಡ್ರಿ. ಹಸದು ಮಾಡಿದ ಸಿಟ್ಟು ಬ್ಯಾರೆ ಯಾರ ಮ್ಯಾಲೋ ಹೋಗತೈತಿ” ಎಂದರು. ಲಾರಿಯವರೆಲ್ಲ ಕೈ ತೊಳೆದು ಹೊರಟುಹೋದರು. ಖುಷಿಪಟ್ಟವರೂ ಎದ್ದರು, ದುಃಖಪಟ್ಟವರೂ ಎದ್ದರು. ಮಾಸ್ತರರೊಬ್ಬರೇ ಉಳಿದು ಸಪ್ಪೆ ಸಾರಿನಲ್ಲಿ ಅನ್ನ ಕಲಸಿಕೊಂಡು ಉಂಡರು.

ಸಂಜೆ ನಾನೇ ಜಗಳ ತೆಗೆದೆ. “ಅಣ್ಣಾರ, ಅವರು ನನ್ನ ಗಂಡನ್ನ ಕೊಂದಾರ. ಇವತ್ತರ ನಾ ನಗಬಾರದೇನು?”

“ನಗು. ಬ್ಯಾಡ ಅಂದವರು ಯಾರು? ನಿನ್ನ ನಗು ನಿಂದು. ನನ್ನ ಸಾರು ನಂದು.”

ಅಕ್ಕ ಗಲ್ಲಾದಿಂದಲೇ, “ಇವರ ಸೂತಕಕ್ಕ ನನ್ನ ಗಲ್ಲಾ ಉಪಾಸ” ಎಂದರು. ಅವರು ಅದಕ್ಕೂ ಸುಮ್ಮನೆ ತಲೆ ಆಡಿಸಿದರು.

ಅಧ್ಯಕ್ಷ ಹೇಳಿದಂತೆಯೇ ಆಯಿತು. ಮರುದಿನದಿಂದ ಖಾನಾವಳಿಯ ಬೆಂಚುಗಳು ಖಾಲಿ. ನಾನು ಬಡಿದ ರೊಟ್ಟಿ ಬುಟ್ಟಿಯಲ್ಲೇ ಒಣಗಿದವು. “ಕಡಕ್ ರೊಟ್ಟಿ ಕೆಡಂಗಿಲ್ಲ. ಬಡೀತಿರು” ಎನ್ನುತ್ತಿದ್ದರು. ಅವರು ದಿನವೂ ಬೇಳೆ ಬೇಯಿಸುತ್ತಿದ್ದರು, ದಿನವೂ ಬಾಣಲೆಯನ್ನು ಬದಿಗಿಡುತ್ತಿದ್ದರು. ಕಟಿಂಗ್ ಅಂಗಡಿಯವನು ಹೊರಗಿಂದಲೇ, “ಅಣ್ಣಾರ, ಸೀನದ ನನ್ನ ತಲಿ ಭಾರ ಆಗೇತ್ರಿ, ಒಂಚೂರರ ಹಾಕ್ರಿ” ಎಂದು ಕೂಗುತ್ತಿದ್ದ. “ದಿನಾ ಮುಗೀಲಿ” ಎಂದು ಇವರು ಒಳಗಿನಿಂದ ಹೇಳುತ್ತಿದ್ದರು.

ಆ ವಾರದ ನಡುವೆ ಮಂಡಳಿಯವರು ಹಿತ್ತಲ ಬಾಗಿಲಿಗೆ ಬಂದು ನನ್ನನ್ನು ಕಂಡರು. ಭಾನುವಾರ ಶಾಲೆಯ ಮೈದಾನದಲ್ಲಿ ಸಭೆ ಇದೆ, ಹುತಾತ್ಮನ ಹೆಂಡತಿಯೆಂದು ನಿಮಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದರು. ನನಗೆ ಹೋಗಬೇಕೆನಿಸಿತು. ಅದು ಶಾಲಿನ ಆಸೆಯಲ್ಲ. ಕಾರ್ಗಿಲ್‌ನಲ್ಲಿ ಸತ್ತವರ ಹೆಸರು ಸರ್ಕಲ್ಲುಗಳಿಗೆ ಇಟ್ಟಿದ್ದರು, ಅವರ ಫೋಟೋಗಳ ಮುಂದೆ ವರ್ಷವೂ ದೀಪ ಹಚ್ಚುತ್ತಿದ್ದರು. ಲಂಕೆಯಲ್ಲಿ ಸತ್ತವರ ಬಗ್ಗೆ ಯಾರೂ ಒಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆಯಾದರೂ ನಾಲ್ಕು ಜನರ ಮುಂದೆ ನನ್ನ ಗಂಡನ ಹೆಸರು ಕೇಳಬೇಕು, ಅಷ್ಟೇ ನನಗೆ ಬೇಕಿದ್ದದ್ದು. ಆದರೆ ಹೋದರೆ ಅಣ್ಣಾರ ಸೂತಕವನ್ನು ಎಲ್ಲರೆದುರು ಸುಳ್ಳು ಮಾಡಿದಂತೆ ಆಗುತ್ತಿತ್ತು.

ಮಧ್ಯಾಹ್ನ ಗಿರಾಕಿಗಳಿಲ್ಲದೆ ಅಣ್ಣಾರೂ ನಾನೂ ಹಿತ್ತಲಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೂತಿದ್ದೆವು. ವಿಷಯ ಹೇಳಿದೆ.

“ಹೋಗು. ನಿನ್ನ ಗಂಡ, ನಿನ್ನ ಹಕ್ಕು” ಎಂದರು. ಆಮೇಲೆ, ತಲೆ ಎತ್ತದೆ, ತೊಟ್ಟು ಬಿಡಿಸುವುದನ್ನೂ ನಿಲ್ಲಿಸದೆ, ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದರು.

“ಅಲ್ಲೊಬ್ಬಾಕಿ ಮುದುಕಿ ಇದ್ಲು. ಅಕಿ ಅಂಗಳದಾಗ ನಮ್ಮ ಒಲಿ. ನಮ್ಮನ್ನ ಕಂಡ್ರ ಅಕಿಗೆ ಆಗ್ತಿದ್ದಿಲ್ಲ. ದಿನಾ ಬೈಗಳ. ಆದ್ರ ದಿನಾ ಒಂದ ಹಿಡಿ ಕರಿಬೇವು ತಂದು ನನ್ನ ಮುಂದ ಒಗೀತಿದ್ಲು. ಅದಿಲ್ಲದ ಒಗ್ಗರಣಿ ಅಕಿಗೆ ನಾರತಿತ್ತೋ ಏನೋ, ಭಾಷಾ ಯಾರಿಗೆ ತಿಳೀತಿತ್ತು? ನಿನ್ನ ಗಂಡ ಅಕಿಗೆ ಆಯಿ ಅಂತಿದ್ದ. ಅಂವಗ ಮಾತ್ರ ಬೈತಿದ್ದಿಲ್ಲ. ಅವತ್ತ ಅಕಿ ಅಂಗಳದಾಗ ಉಂಡು, ಬಂದೆ ಆಯಿ ಅಂತ ಹೇಳಿ ಹೋದ. ಮಧ್ಯಾಹ್ನ ಅಂವ ಬಿದ್ದ ಅಂತ ಸುದ್ದಿ ಬಂತು. ಹೊತ್ತು ಮುಣಗೂದ್ರಾಗ ಆ ಅಂಗಳಾನೂ ಇರಲಿಲ್ಲ, ಮುದುಕಿನೂ ಇರಲಿಲ್ಲ. ಯಾರ ಗುಂಡು ಅಂತ ಯಾರನ್ನ ಕೇಳೂದು?”

ನಾನು ಇನ್ನೊಂದು ಹಿಡಿ ಮೆಣಸಿನಕಾಯಿ ಮುಂದಕ್ಕೆ ಎಳೆದುಕೊಂಡೆ.

“ಮರುದಿನ ನಾ ಬ್ಯಾಳಿಗೆ ಒಗ್ಗರಣಿ ಹಾಕಲಿಲ್ಲ. ಹವಾಲ್ದಾರ ಒದರಾಡಿದ. ಎರಡು ಮನಿ ಸೂತಕ ಐತಿ ಸಾಬ್ ಅಂದೆ. ಅಂವಗ ಏನ ತಿಳೀತೋ, ಸುಮ್ಮ ಉಂಡ. ಅದರ ಮರುದಿನ ದಂಡು ಮುಂದ ನಡೀತು. ಮಂದಿಗೆ ಖಾರ ಬೇಕು, ರುಚಿ ಬೇಕು. ಹಾಕಿದೆ. ಸೂತಕ ಹಿಡದು ನಡುವ ಬಿಟ್ಟೆ ತಂಗೆವ್ವಾ. ಆ ಲಡಾಯಿ ಮುಗೀಲಿ, ಮುಗದ ಮ್ಯಾಲೆ ಪೂರಾ ಮಾಡ್ತೀನಿ ಅಂದ್ಕೊಂಡಿದ್ದೆ. ಇಷ್ಟ ವರ್ಷ ಹಿಡೀತು ಅದು ಮುಗಿಯಾಕ.”

ಮೆಣಸಿನಕಾಯಿಯ ಕೈಯಲ್ಲಿ ಕಣ್ಣು ಒರೆಸಿಕೊಳ್ಳುವಂತಿಲ್ಲ. ಇಬ್ಬರೂ ಒರೆಸಿಕೊಳ್ಳಲಿಲ್ಲ.

ಭಾನುವಾರ ನಾನು ಹೋದೆ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್. ಬ್ಯಾನರ್ ಮಾಡುವವನ ಬಳಿ ಸೈನಿಕರದು ಎಂದು ಇದ್ದದ್ದು ಒಂದೇ ನಮೂನೆಯಿರಬೇಕು. ಬೆಳ್ಳಗಿನ ಹಿಮದ ಗುಡ್ಡ, ಅದರ ತುದಿಯಲ್ಲಿ ಬಾವುಟ, ಕೆಳಗೆ ಕಾರ್ಗಿಲ್ ಹುತಾತ್ಮ ಎಂದು ಬರಹ. ಅದರ ಮೂಲೆಯಲ್ಲಿ ನನ್ನ ಗಂಡನ ಫೋಟೋ ಕೂರಿಸಿದ್ದರು. ಅಧ್ಯಕ್ಷ ಬ್ಯಾನರ್ ನೋಡಿ ನೋಡಿಯೇ ಭಾಷಣ ಮಾಡಿದ. ಮೈ ಕೊರೆಯುವ ಚಳಿಯಲ್ಲಿ, ಹಿಮದ ಮೇಲೆ ರಕ್ತ ಚೆಲ್ಲಿದ ವೀರ ಎಂದ. ಜನ ಚಪ್ಪಾಳೆ ತಟ್ಟಿದರು. ಹೆಸರು ಹೇಳುವುದನ್ನು ಮರೆತ. ಉಣ್ಣೆಯ ಶಾಲು ಹೊದಿಸಿ, ಎರಡು ಮಾತು ಹೇಳಿರೆಂದು ಮೈಕು ಕೊಟ್ಟ. ಹೆಂಗಸು ಏನು ಹೇಳುತ್ತಾಳೆ, ನಮಸ್ಕಾರ ಮಾಡಿ ಕೊಡುತ್ತಾಳೆ ಎಂದುಕೊಂಡಿರಬೇಕು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ನಾನು ಹೇಳಿದೆ. ಅಪ್ಪನ ಹೆಸರು, ಮನೆತನದ ಹೆಸರು ಸೇರಿಸಿ ಪೂರ್ತಿ ಹೇಳಿದೆ. “ಅವರು ಹಿಮದಾಗ ಸತ್ತಿಲ್ರಿ. ಲಂಕಾದಾಗ ಸತ್ತಾರ. ಅವತ್ತ ಒಬ್ಬಾಕಿ ತಮಿಳು ಮುದುಕಿ ಅಂಗಳದಾಗ ಉಂಡು ಹೋಗಿದ್ರು. ಅಕಿನೂ ಅವತ್ತ ಸತ್ಲು. ಇಬ್ಬರ ಸೂತಕಾನೂ ನಮ್ಮ ಖಾನಾವಳ್ಯಾಗ ನಡದೈತಿ. ಉಣ್ಣಾಕ ಬರ್ರಿ” ಎಂದೆ. ಇನ್ನೂ ಹೇಳುವವಳಿದ್ದೆ, ಮೈಕು ನಿಂತಿತು. ಕರೆಂಟು ಹೋಯಿತೋ, ಯಾರಾದರೂ ತೆಗೆದರೋ ತಿಳಿಯದು.

ಇಳಿದು ಬರುವಾಗ ನೋಡಿದೆ. ಮೈದಾನದ ಕೊನೆಯಲ್ಲಿ, ಶೇಂಗಾ ಮಾರುವ ಗಾಡಿಯ ಪಕ್ಕ, ಹೆಗಲ ಮೇಲೆ ಟವೆಲು ಹಾಕಿಕೊಂಡು ಅವರು ನಿಂತಿದ್ದರು. ಊಟದ ಹೊತ್ತಿನಲ್ಲಿ ಅವರು ಒಲೆ ಬಿಟ್ಟು ಹೊರಗೆ ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು. ಹತ್ತಿರ ಬಂದಾಗ ಶಾಲು ಮುಟ್ಟಿ ನೋಡಿದರು. “ಛಲೋ ಉಣ್ಣಿ ಐತಿ. ಮೇ ತಿಂಗಳದಾಗ ಇದನ್ನ ಹೊದ್ದು ನಿಂತ್ಯಲ್ಲ, ನೀನ ಖರೇ ವೀರ” ಎಂದರು.

ಸೋಮವಾರ ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ಓಣಿಯ ಹೆಂಗಸರು ನಾಲ್ಕೈದು ಮಂದಿ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ಖಾನಾವಳಿಯ ಮೆಟ್ಟಿಲು ಹತ್ತಿದರು. ಮುಂದೆ ಇದ್ದವರು ಅಧ್ಯಕ್ಷನ ತಾಯಿ. ಸಾವಾದ ಮನೆಯಲ್ಲಿ ಒಂದು ದಿನವಾದರೂ ಒಲೆ ಹಚ್ಚಬಾರದೆಂದು ನೆರೆಯವರು ಬುತ್ತಿ ಒಯ್ಯುವುದು ನಮ್ಮ ರೂಢಿ. ಖಾನಾವಳಿಗೆ ಬುತ್ತಿ ಬಂದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

“ಇವತ್ತೊಂದಿನ ಒಲಿ ಹಚ್ಚಬ್ಯಾಡ್ರಿ” ಎಂದರು ಆ ತಾಯಿ. “ನಮ್ಮ ಹುಡುಗಗ ಇದೆಲ್ಲಾ ತಿಳಿಯಂಗಿಲ್ಲ. ಅವರಪ್ಪ ಹೋದಾಗ ಅಂವ ತೊಟ್ಟಲದಾಗ ಇದ್ದ.”

ಅಕ್ಕ ಗಲ್ಲಾದ ಮೇಲಿಂದ ಎದ್ದು, “ಖಾನಾವಳಿಗೆ ನೀವ ಊಟ ತಂದ್ರ ನಾ ಯಾರಿಗೆ ಮಾರ್ಲ್ಯೆವ್ವಾ” ಎಂದರು. ಹೆಂಗಸರೆಲ್ಲ ನಕ್ಕರು. ಅಕ್ಕ ನಗುತ್ತಲೇ ಅತ್ತರು.

ಅಂದು ಮಧ್ಯಾಹ್ನ ಬೋರ್‌ವೆಲ್ ಮೇಸ್ತ್ರಿ ಒಬ್ಬನೇ ಬಂದ. ಕಿಟಕಿಯ ಬೆಂಚಿಗೆ ಹೋಗದೆ ಬಾಗಿಲ ಹತ್ತಿರ ಕೂತ. ಅಣ್ಣಾರು ಬುತ್ತಿಯ ಅನ್ನ, ಸಪ್ಪೆ ಬೇಳೆ ಬಡಿಸಿದರು. ಉಂಡ. ಮತ್ತೆ ದಿನಾ ಬಂದ, ದಿನಾ ಬಾಗಿಲ ಹತ್ತಿರವೇ ಕೂತ. ಸಿಟ್ಟು ಹೋಗಿರಲಿಲ್ಲ ಎಂದು ಮುಖದ ಮೇಲೆ ಕಾಣುತ್ತಿತ್ತು. ಅವರು ಅದನ್ನು ಹೋಗಿಸಲು ನೋಡಲೂ ಇಲ್ಲ.

ಎಲ್ಲರೂ ಬಂದರೆಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಇಂದಿಗೂ ನಮ್ಮ ಮೆಟ್ಟಿಲು ಹತ್ತಿಲ್ಲ. ಅವರು ಎದುರಿಗೆ ಸಿಕ್ಕಾಗ ಅಣ್ಣಾರು ಮೊದಲಿನಂತೆಯೇ “ಆರಾಮ್ರ್ಯಾ?” ಎನ್ನುತ್ತಿದ್ದರು. ಒಂದು ದಿನವೂ ತಾವು ಮಾಡಿದ್ದನ್ನು ಯಾರಿಗೂ ಸಮರ್ಥಿಸಿ ಹೇಳಲಿಲ್ಲ. ದಿನಗಳು ಮುಗಿದ ಮೇಲೆ ಬಾಣಲೆ ಒಲೆಗೆ ಏರಿಸಿದರು. ಕಟಿಂಗ್ ಅಂಗಡಿಯವನು ಸೀನಿದ.

ಆಮೇಲೆ ಮಧ್ಯಾಹ್ನಗಳಲ್ಲಿ ಹಿತ್ತಲಲ್ಲಿ ಕೂತಾಗ ಅಣ್ಣಾರು ತಾವಾಗಿಯೇ ಒಂದೊಂದು ಹೇಳತೊಡಗಿದರು. ನನ್ನ ಗಂಡ ಕಪ್ಪೆಗೆ ಹೆದರುತ್ತಿದ್ದದ್ದು. ಅಲ್ಲಿನ ತಾಳೆಹಣ್ಣು ತಿಂದು ಹೊಟ್ಟೆ ಕೆಡಿಸಿಕೊಂಡದ್ದು. ಪಹರೆಯ ಹೊತ್ತಿನಲ್ಲಿ ನಿದ್ದೆ ಬರಬಾರದೆಂದು ಕರ್ಜಗಿಯ ಮನೆಗಳನ್ನು ಓಣಿಯ ಪ್ರಕಾರ ಹೇಳಿಕೊಳ್ಳುತ್ತಿದ್ದದ್ದು. ಎರಡು ವರ್ಷ ಸಂಸಾರ ಎಂದರೂ ಅವನು ರಜೆಯಲ್ಲಿ ಮನೆಯಲ್ಲಿದ್ದದ್ದು ಸ್ವಲ್ಪವೇ. ಇವರ ಬಾಯಿಂದ ಕೇಳಿಯೇ ನನ್ನ ಗಂಡ ನನಗೆ ಪರಿಚಯವಾಗುತ್ತಿದ್ದ. ನಾನು ಅವಸರ ಮಾಡಲಿಲ್ಲ. ಒಂದು ದಿನಕ್ಕೆ ಒಂದು ಸಾಕು ಎನಿಸುತ್ತಿತ್ತು.

ಆ ವರ್ಷದ ಕೊನೆಗೆ, ಹೊಸ ಮೆಣಸಿನಕಾಯಿ ಬರುವ ಹೊತ್ತಿಗೆ, ಮಾಲು ತರಲು ಬ್ಯಾಡಗಿ ಪೇಟೆಗೆ ಹೋದ ಅಣ್ಣಾರು ಅಲ್ಲಿಯೇ ಚೀಲದ ಪಕ್ಕ ಕುಸಿದರು. ಕದರಮಂಡಲಗಿಯಲ್ಲಿ ಮಣ್ಣು ಮಾಡಿದೆವು. ಅಧ್ಯಕ್ಷ ಬಂದಿದ್ದ. ಹೆಗಲು ಕೊಟ್ಟ. ಭಾಷಣ ಮಾಡಲಿಲ್ಲ.

ಖಾನಾವಳಿ ನಡೆಯುತ್ತಿದೆ. ಅಕ್ಕ ಗಲ್ಲಾದ ಮೇಲೆ ಕೂರುತ್ತಾರೆ, ಅಡುಗೆ ನನ್ನದು. ಗಿರಾಕಿಗಳಿಗೆ ರುಚಿಯಲ್ಲಿ ಏನೂ ಕೊರತೆ ಕಂಡಿಲ್ಲ. ಲಂಕೆಯಲ್ಲಿ ನನ್ನ ಗಂಡನನ್ನು ಕಣ್ಣಾರೆ ಕಂಡವರು, ನನಗೆ ಗೊತ್ತಿರುವಂತೆ, ಈಗ ಯಾರೂ ಉಳಿದಿಲ್ಲ.